‘ಫ್ಲಾಪ್’ ಅಂತ ಹೆಸರಿಟ್ಟು ‘ಹಿಟ್’ ಹೊಡೆದ ಸರ್ದಾರ್ಜಿ!

ನಮ್ಮ ಗಾಂಧಿನಗರದಲ್ಲಿ ಯಾವನಾದರೂ ನಿರ್ಮಾಪಕ ತನ್ನ ಚಿತ್ರಕ್ಕೆ ‘ಫ್ಲಾಪ್’ ಅಂತ ಹೆಸರಿಡ್ತಾನಾ? ಸಾಧ್ಯವೇ ಇಲ್ಲ! ಜ್ಯೋತಿಷಿಯನ್ನು ಕೇಳಿ, ಹೆಸರಿನಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಮಾಡಿ, ತೆಂಗಿನಕಾಯಿ ಒಡೆದು ಮುಹೂರ್ತ ಮಾಡುವ ಜನ ನಾವು. ಆದರೆ 1989ರಲ್ಲಿ ಒಬ್ಬ ಪುಣ್ಯಾತ್ಮ ತನ್ನ ಟಿ.ವಿ. ಧಾರಾವಾಹಿಗೆ ‘ಫ್ಲಾಪ್ ಶೋ’ ಅಂತ ತಾನೇ ಹೆಸರಿಟ್ಟ. ಬಂದದ್ದು ಬರೀ ಹತ್ತು ಕಂತು. ಇಡೀ ದೇಶ ನಕ್ಕಿತು. ಇವತ್ತಿಗೂ ನಗುತ್ತಿದೆ!

ಆ ಪುಣ್ಯಾತ್ಮನ ಹೆಸರು ಜಸ್ಪಾಲ್ ಭಟ್ಟಿ.

ತಲೆಗೆ ಅಚ್ಚುಕಟ್ಟಾದ ಪಗಡಿ, ಗಡ್ಡ. ಮುಖ ನೋಡಿದರೆ ಬ್ಯಾಂಕಿನಲ್ಲಿ ಲೆಡ್ಜರ್ ಬರೆಯುವ ಗುಮಾಸ್ತನ ಹಾಗೆ. ಹಾಸ್ಯನಟ ಎಂದರೆ ಕಣ್ಣು ಹೊರಳಿಸಬೇಕು, ಜಾರಿ ಬೀಳಬೇಕು, ಹೀರೋ ಕೈಲಿ ತಲೆ ಮೇಲೆ ಮೊಟಕಿಸಿಕೊಳ್ಳಬೇಕು ಎಂದು ನಂಬಿದ್ದ ಕಾಲದಲ್ಲಿ ಈತ ಒಂದು ಸಲವೂ ದನಿ ಎತ್ತದೆ, ತಣ್ಣಗೆ ಮಾತಾಡಿಯೇ ನಗಿಸಿದ. ಅದೂ ಹೇಗೆ? ಬೇರೆಯವರು ಬರೆದುಕೊಟ್ಟ ಡೈಲಾಗು ಒಪ್ಪಿಸಿ ಅಲ್ಲ. ಬರೆದವನೂ ತಾನೇ, ನಿರ್ದೇಶಕನೂ ತಾನೇ, ಬಣ್ಣ ಹಚ್ಚಿ ನಿಂತವನೂ ತಾನೇ!

ಕರೆಂಟು ಓದಿ ಕುಚೋದ್ಯಕ್ಕೆ ಇಳಿದ

1955ರ ಮಾರ್ಚ್ 3ರಂದು ಅಮೃತಸರದಲ್ಲಿ ಹುಟ್ಟಿದ ಹುಡುಗ ಚಂಡೀಗಢದ ಪಂಜಾಬ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದು ಎಲೆಕ್ಟ್ರಿಕಲ್. ನನ್ನಂಥ ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಆ ಡಿಗ್ರಿ ಸಿಕ್ಕಿದ್ದರೆ ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕಿ ಊದುಬತ್ತಿ ಹಚ್ಚುತ್ತಿದ್ದೆ! ಈತನ ಮನಸ್ಸು ಬೇರೆಲ್ಲೋ ಇತ್ತು. ಕಾಲೇಜು ದಿನಗಳಲ್ಲೇ ‘ನಾನ್‌ಸೆನ್ಸ್ ಕ್ಲಬ್’ ಅಂತ ಒಂದು ಗುಂಪು. ಬೀದಿಯಲ್ಲೇ ನಾಟಕ. ಲಂಚ, ಬೆಲೆಯೇರಿಕೆ, ಕಚೇರಿ ಅಲೆದಾಟ... ಹೀಗೆ ಜನ ದಿನಾ ಗೊಣಗುವ ವಿಷಯವನ್ನೇ ಜನರ ಮುಂದೆ ಇಟ್ಟು ನಗಿಸುವುದು ಇವರ ಕಸುಬು. ಆಮೇಲೆ ಚಂಡೀಗಢದ ‘ಟ್ರಿಬ್ಯೂನ್’ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದ.

ಈ ವ್ಯಂಗ್ಯಚಿತ್ರದ ಕೈ ಮುಂದೆ ಬಹಳ ಕೆಲಸಕ್ಕೆ ಬಂತು. ಕಾರ್ಟೂನಿಗೆ ಜಾಗ ಇರುವುದೇ ಅಂಗೈಯಗಲ. ಅಷ್ಟರಲ್ಲೇ ಹೇಳಿ ಮುಗಿಸಬೇಕು. 1980ರ ದಶಕದ ಕೊನೆಯಲ್ಲಿ ದೂರದರ್ಶನದ ಬೆಳಗಿನ ಪ್ರಸಾರದಲ್ಲಿ ಬಂದ ಈತನ ‘ಉಲ್ಟಾ ಪುಲ್ಟಾ’ ಹಾಗೇ ಇತ್ತು. ಕೆಲವೇ ನಿಮಿಷದ ತುಣುಕು. ಹಲ್ಲುಜ್ಜಿ ಕಾಫಿ ಕುಡಿಯುವಷ್ಟರಲ್ಲಿ ಮುಗಿದೇಹೋಗುತ್ತಿತ್ತು. ಆದರೆ ಆ ಚಿಟಿಕೆ ಖಾರ ಆಫೀಸಿಗೆ ಹೋದ ಮೇಲೂ ನಾಲಿಗೆಯ ಮೇಲೇ!

ಸರ್ಕಾರದ ಪೆಟ್ಟಿಗೆಯಲ್ಲೇ ಸರ್ಕಾರಕ್ಕೆ ಗುದ್ದು!

ಆಗ ಟಿ.ವಿ. ಎಂದರೆ ದೂರದರ್ಶನ ಒಂದೇ. ನಮ್ಮ ಶಂಕರ್‌ನಾಗ್ ಆಗುಂಬೆಯಲ್ಲಿ ಕೂತು ತೆಗೆದ ‘ಮಾಲ್ಗುಡಿ ಡೇಸ್’ ಬಂದಿತಲ್ಲ, ಅದೇ ಪೆಟ್ಟಿಗೆ. ಅದು ಸರ್ಕಾರದ ಸ್ವತ್ತು. ಅಂಥಾ ಕಡೆ ಸರ್ಕಾರಿ ನೌಕರರನ್ನೂ ಕಂಟ್ರಾಕ್ಟರುಗಳನ್ನೂ ಟೆಲಿಫೋನ್ ಇಲಾಖೆಯನ್ನೂ ಎಳೆದು ನಿಲ್ಲಿಸುವುದು ತಮಾಷೆಯ ಮಾತಾ?

‘ಫ್ಲಾಪ್ ಶೋ’ ಮಾಡಿದ್ದು ಅದನ್ನೇ. ಒಂದು ಕಂತಿನಲ್ಲಿ ಸುಳ್ಳು ಮೆಡಿಕಲ್ ಬಿಲ್ಲು ಕೊಟ್ಟು ದುಡ್ಡು ಎತ್ತುವ ನೌಕರರು. ಇನ್ನೊಂದರಲ್ಲಿ ಪಿ.ಎಚ್‌ಡಿ. ಆಸೆಗೆ ಬಿದ್ದು ‘ಗೈಡ್’ ಮನೆ ಚಾಕರಿ ಮಾಡುವ ವಿದ್ಯಾರ್ಥಿ. ಮಗದೊಂದರಲ್ಲಿ ಕಂಟ್ರಾಕ್ಟರನ ಕರಾಮತ್ತು. ಮೀಟಿಂಗ್ ಹುಚ್ಚಿನ ಸಾಹೇಬರ ಮೇಲೊಂದು, ಹಾರ ಹಾಕಿಸಿಕೊಳ್ಳುವ ಮುಖ್ಯ ಅತಿಥಿಯ ಮೇಲೊಂದು. ಟಿ.ವಿ. ಧಾರಾವಾಹಿ ತೆಗೆಯುವವರನ್ನೂ ಬಿಡಲಿಲ್ಲ, ಅಂದರೆ ತನ್ನನ್ನೇ ಬಿಡಲಿಲ್ಲ! ಪ್ರತಿ ಕಂತನ್ನೂ ಆ ಪಾತ್ರಧಾರಿ ವರ್ಗಕ್ಕೇ ‘ಅರ್ಪಣೆ’ ಮಾಡುವ ಗತ್ತು ಬೇರೆ. ಕೊನೆಯಲ್ಲಿ ಒಂದು ಹಾಡು. ಟ್ಯೂನು ಜನಪ್ರಿಯ ಹಿಂದಿ ಸಿನಿಮಾದ್ದು, ಸಾಹಿತ್ಯ ಭಟ್ಟಿ ಬಳಗದ್ದು! ಪ್ರೇಮಿಗಳು ಮರ ಸುತ್ತಿ ಹಾಡಿದ ರಾಗದಲ್ಲಿ ಆಫೀಸಿನ ಫೈಲು, ಬಿಲ್ಲು ಅಂತ ಕೇಳಿದರೆ ನಗು ತಡೆಯೋಕಾಗುತ್ತಾ?

ಹೆಂಡತಿ ಸವಿತಾ ಭಟ್ಟಿಯೇ ನಿರ್ಮಾಪಕಿ, ತೆರೆಯ ಮೇಲೂ ಆಕೆಯೇ ಹೆಂಡತಿ. ಜೊತೆಗೆ ವಿವೇಕ್ ಶೌಕ್. ಮುಂದೆ 2001ರಲ್ಲಿ ಸನ್ನಿ ಡಿಯೋಲ್ ಜೊತೆ ‘ಗದರ್’ನಲ್ಲಿ ಕಾಣಿಸಿದನಲ್ಲ, ಅವನೇ. ಸ್ಟಾರುಗಳಿಲ್ಲ, ಫಾರಿನ್ ಲೊಕೇಶನ್ ಇಲ್ಲ. ಎರಡು ಕುರ್ಚಿ, ಒಂದು ಮೇಜು ಇದ್ದರೆ ಸೆಟ್ಟು ರೆಡಿ!

ಕಳ್ಳನ ಜಾಗದಲ್ಲಿ ತಾನೇ ನಿಂತ

ಈತನ ಗುಟ್ಟು ಏನು ಅಂತ ನಾನು ಆ ಕಂತುಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದೇನೆ. ಸಿನಿಮಾದಲ್ಲಿ ಭ್ರಷ್ಟನನ್ನು ತೋರಿಸಬೇಕಾದರೆ ಒಬ್ಬ ವಿಲನ್ ಬೇಕು. ದಪ್ಪ ಮೀಸೆ, ಬೆರಳಿಗೆಲ್ಲ ಉಂಗುರ, ಕೈಯಲ್ಲಿ ಸಿಗಾರು. ಹೀರೋ ಬಂದು ಬಾರಿಸುತ್ತಾನೆ, ನಾವು ಶಿಳ್ಳೆ ಹೊಡೆದು ಮನೆಗೆ ಬರುತ್ತೇವೆ. ವಿಲನ್ ಬೇರೆ, ನಾವು ಬೇರೆ. ನಮಗೇನೂ ತೊಂದರೆ ಇಲ್ಲ!

ಭಟ್ಟಿ ಹಾಗೆ ಬಿಡೋ ಆಸಾಮಿ ಅಲ್ಲ. ಎಷ್ಟೋ ಕಡೆ ಲಾಭ ಹೊಡೆಯುವವನ ಜಾಗದಲ್ಲಿ ತಾನೇ ನಿಂತ. ಅದೂ ರಾಕ್ಷಸನಾಗಿ ಅಲ್ಲ, ನಿಮ್ಮ ಪಕ್ಕದ ಮನೆಯ ಸಭ್ಯಸ್ಥನಾಗಿ. ‘ಎಲ್ರೂ ಮಾಡ್ತಾರೆ, ನಾನೂ ಮಾಡಿದೆ, ಏನೀಗ?’ ಅನ್ನೋ ಮುಖ. ಒಮ್ಮೆ ಒಂದು ಸರ್ಟಿಫಿಕೇಟಿಗೆಂದು ಕಚೇರಿಯೊಂದಕ್ಕೆ ನಾಲ್ಕು ಸಲ ಅಲೆದಿದ್ದೆ. ಐದನೇ ಸಲ ಪರಿಚಯದವರ ಕೈಲಿ ಒಂದು ಮಾತು ಹೇಳಿಸಿ ಕ್ಯೂ ತಪ್ಪಿಸಿ ಒಳಗೆ ನುಗ್ಗಿದೆ. ಆ ದಿನ ನನ್ನ ಮುಖ ಕನ್ನಡಿಯಲ್ಲಿ ನೋಡಿಕೊಂಡಿದ್ದರೆ ಭಟ್ಟಿಯೇ ಕಾಣುತ್ತಿದ್ದನೋ ಏನೋ! ನಗಿಸುತ್ತಾ ನಗಿಸುತ್ತಾ ನಮ್ಮ ಜೇಬಿಗೇ ಕೈಹಾಕಿ ಕದ್ದ ಮಾಲು ಹೊರಗೆ ತೆಗೆಯೋದು, ಇದೇ ಈತನ ವರಸೆ.

ಇನ್ನೊಂದು ಮಾತು. ಸರ್ದಾರ್ಜಿ ಜೋಕುಗಳು ನಮ್ಮ ದೇಶದಲ್ಲಿ ಲಾರಿಗಟ್ಟಲೆ ಇವೆ. ಅದರಲ್ಲೆಲ್ಲ ಪಗಡಿಯವನೇ ಪೆದ್ದ. ಅದರ ಮೇಲೆ 1980ರ ದಶಕ ಪಂಜಾಬಿಗೆ ರಕ್ತದ ದಶಕ. 1984ರ ಗಾಯ ಒಣಗಿರಲಿಲ್ಲ, ಬಂದೂಕಿನ ಸದ್ದು ನಿಂತಿರಲಿಲ್ಲ, ಪಗಡಿ ಕಂಡರೆ ಅನುಮಾನದಿಂದ ನೋಡುವವರೂ ಇದ್ದರು. ಅಂಥಾ ಹೊತ್ತಿನಲ್ಲಿ ಒಬ್ಬ ಪಗಡಿಯವನು ದೇಶದ ಮನೆಮನೆಯ ನಡುಮನೆಗೆ ಬಂದು ಕೂತು, ಜೋಕಿಗೆ ಗುರಿಯಾಗದೆ ಜೋಕು ಹೇಳುವ ಬುದ್ಧಿವಂತನಾದ. ಇದನ್ನು ಯಾವ ಭಾಷಣ ಮಾಡಿಸುತ್ತಿತ್ತು, ಹೇಳಿ?

ಬಾಂಬೆ ಕರೆಯಿತು, ಆದರೆ...

1999ರಲ್ಲಿ ಪಂಜಾಬಿ ಪೊಲೀಸರ ಮೇಲೆ ‘ಮಾಹೌಲ್ ಠೀಕ್ ಹೈ’ ಎಂಬ ಚಿತ್ರ ನಿರ್ದೇಶಿಸಿದ. ಹಿಂದಿಯಲ್ಲಿ ‘ಆ ಅಬ್ ಲೌಟ್ ಚಲೇಂ’, ‘ಹಮಾರಾ ದಿಲ್ ಆಪ್ಕೇ ಪಾಸ್ ಹೈ’ ಮುಂತಾದ ಚಿತ್ರಗಳು. 2006ರ ‘ಫನಾ’ದಲ್ಲಿ ಆಮಿರ್ ಖಾನ್, ಕಾಜೋಲ್ ಜೊತೆ ‘ಜಾಲಿ ಗುಡ್ ಸಿಂಗ್’ ಆಗಿ ಬಂದ. ಬಂದ, ನಗಿಸಿದ, ಹೋದ. ನಿಜ ಹೇಳಬೇಕೆಂದರೆ ಅಲ್ಲಿ ಕಂಡದ್ದು ಅರ್ಧ ಭಟ್ಟಿ. ಪೆನ್ನು ಇನ್ನೊಬ್ಬರ ಕೈಯಲ್ಲಿದ್ದರೆ ಬರೆಯುವ ನಟ ಬರೀ ನಟನಾಗುತ್ತಾನೆ.

ಪೂರ್ತಿ ಭಟ್ಟಿ ಬೀದಿಯಲ್ಲೇ ಉಳಿದಿದ್ದ. 2009ರಲ್ಲಿ ಚಂಡೀಗಢದ ಜಾತ್ರೆಯೊಂದರಲ್ಲಿ ಸ್ಟಾಲು ಹಾಕಿದ. ರಿಂಗ್ ಎಸೆದು ಬಹುಮಾನ ಗೆಲ್ಲುವ ಆಟ. ಬಹುಮಾನ ಏನು ಗೊತ್ತಾ? ತರಕಾರಿ, ಬೇಳೆ, ಅಡಿಗೆ ಎಣ್ಣೆ! ಬೆಲೆಯೇರಿಕೆ ಬಗ್ಗೆ ಒಂದೂ ಘೋಷಣೆ ಕೂಗದೆ ಎಲ್ಲ ಹೇಳಿಬಿಟ್ಟ.

ಕೊನೆಯ ‘ಕಟ್’

ಎಲೆಕ್ಟ್ರಿಕಲ್ ಓದಿದವನು ಕಡೆಗೆ ಕರೆಂಟಿನ ಮೇಲೇ ಸಿನಿಮಾ ಮಾಡಿದ. ‘ಪವರ್ ಕಟ್’ ಅಂತ ಪಂಜಾಬಿ ಚಿತ್ರ. ಮಗನೇ ಹೀರೋ. ಪ್ರಚಾರಕ್ಕೆಂದು ಊರೂರು ಸುತ್ತುತ್ತಾ 2012ರ ಅಕ್ಟೋಬರ್ 25ರ ಬೆಳಗಿನ ಜಾವ ಜಲಂಧರ್ ಜಿಲ್ಲೆಯ ಶಾಹಕೋಟ್ ಹತ್ತಿರ ಕಾರು ಮರಕ್ಕೆ ಗುದ್ದಿತು. ಭಟ್ಟಿ ಉಳಿಯಲಿಲ್ಲ. ವಯಸ್ಸು 57. ಚಿತ್ರದ ಬಿಡುಗಡೆಗೆ ಒಂದೇ ದಿನ ಬಾಕಿ ಇತ್ತು.

ಕನ್ನಡಿಗರಿಗೆ ಈ ಸುದ್ದಿ ಓದಿದಾಗ ಇನ್ನೊಂದು ರಸ್ತೆ ನೆನಪಾಗದೆ ಇರುತ್ತಾ? 1990ರ ಸೆಪ್ಟೆಂಬರ್ 30. ದಾವಣಗೆರೆ ಹತ್ತಿರದ ಆನಗೋಡು. ನಮ್ಮ ಶಂಕರಣ್ಣ... ಒಂದೇ ಪೆಟ್ಟಿಗೆಯಲ್ಲಿ ದೇಶದ ಮನೆಮನೆಗೆ ಬಂದ ಇಬ್ಬರನ್ನೂ ರಸ್ತೆಯೇ ತಿಂದುಹಾಕಿತು.

2013ರಲ್ಲಿ ಸರ್ಕಾರ ಭಟ್ಟಿಗೆ ಮರಣೋತ್ತರ ಪದ್ಮಭೂಷಣ ಕೊಟ್ಟಿತು. ಜೀವಮಾನವೆಲ್ಲಾ ಸರ್ಕಾರದ ಫೈಲು ತಡವಾಗಿ ಬರುತ್ತದೆ ಅಂತ ನಗಿಸಿದವನಿಗೆ ಪ್ರಶಸ್ತಿಯೂ ತಡವಾಗಿಯೇ ಬಂತು! ಇದ್ದಿದ್ದರೆ ಅದರ ಮೇಲೂ ಒಂದು ಕಂತು ಬರೆಯುತ್ತಿದ್ದ.

ಹುಡುಗರೇ, ಈಗ ಕೈಯಲ್ಲೇ ಮೊಬೈಲಿದೆ, ಹುಡುಕಿದರೆ ‘ಫ್ಲಾಪ್ ಶೋ’ ಸಿಗುತ್ತದೆ. ಹಿಂದಿ ಅರ್ಧಂಬರ್ಧ ಬಂದರೂ ಸಾಕು. ಹತ್ತೇ ಕಂತು, ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಶುರುಮಾಡಿ. ಬಸ್ಸು ಹೇಗೂ ಲೇಟು!