ಮಣ್ಣಿನ ಗೋಡೆಗೆ ಸಿಮೆಂಟು

ಅಕ್ಕಾ, ನಿಮ್ಮದು ಹಳೇ ಮಣ್ಣಿನ ಮನೆಯೇ? ಹಾಗಾದರೆ ಇದನ್ನು ಓದಿರಿ.

ಧಾರವಾಡದ ಸುತ್ತಿನ ಹಳ್ಳಿಗಳಲ್ಲಿ ಇಂಥ ಮನೆಗಳು ಬಹಳ. ಗೋಡೆ ಒಂದೂವರೆ, ಎರಡು ಅಡಿ ದಪ್ಪ. ಬೇಸಿಗೆಯಲ್ಲಿ ಒಳಗೆ ತಂಪು. ಮಳೆಗಾಲ ಬಂತೆಂದರೆ ಮಾತ್ರ ಮಣ್ಣು ಉದುರುತ್ತದೆ. ಆಗ ಮನೆಯವರು, "ಸಿಮೆಂಟ್ ಗಿಲಾವ್ ಮಾಡಿಸಿಬಿಡೋಣು, ಗಟ್ಟಿ ಆಗ್ತದ" ಅಂತಾರೆ.

ಇಲ್ಲೇ ಕೆಲಸ ಕೆಡುವುದು. ಮಣ್ಣಿನ ಗೋಡೆ ನೆಲದಿಂದ ಹಸಿ ಎಳೆಯುತ್ತದೆ. ಗಾಳಿ, ಬಿಸಿಲು ತಾಗಿ ಆ ಹಸಿ ಆರುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ಹಸಿ ಹೊರಗೆ ಬರುವ ದಾರಿ ಮುಚ್ಚುತ್ತದೆ. ಸಿಮೆಂಟು ಮಣ್ಣಿಗೆ ಸರಿಯಾಗಿ ಹಿಡಿಯುವುದೂ ಇಲ್ಲ, ಬಿರುಕು ಬಿಡುತ್ತದೆ. ಬಿರುಕಿನಿಂದ ಮಳೆನೀರು ಒಳಗೆ ಹೋಗಿ ಅಲ್ಲೇ ಕೂಡುತ್ತದೆ. ಹೊರಗೆ ನೋಡಿದರೆ ಗೋಡೆ ಪಾಡ ಐತಿ. ಒಳಗೆ ಮಣ್ಣು ಅಂಬಲಿ!

2019ರ ಆಗಸ್ಟ್ ತಿಂಗಳಲ್ಲಿ ದಿನಗಟ್ಟಲೆ ಮಳೆ ಹೊಡೆಯಿತು. ಧಾರವಾಡ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆಗಳು ಬಿದ್ದವು. ಸಿಮೆಂಟು ಹಚ್ಚದ ಗೋಡೆಯೂ ಅಂಥ ಮಳೆಗೆ ಬೀಳಬಹುದು, ಸುಳ್ಳಲ್ಲ. ಆದರೆ ಅದು ನೆನೆದದ್ದು ಕಣ್ಣಿಗೆ ಕಾಣುತ್ತದೆ. ಮಂದಿ ಮೊದಲೇ ಹೊರಗೆ ಬರಬಹುದು.

ಮತ್ತೇನು ಮಾಡಬೇಕು? ಮಣ್ಣಿಗೆ ಹೊಟ್ಟು ಕಲಸಿ, ಕೆಲವು ದಿನ ಕೊಳೆಹಾಕಿ, ಚೆನ್ನಾಗಿ ತುಳಿದು ಮೆತ್ತಿರಿ. ಆರಿದ ಮೇಲೆ ಸುಣ್ಣ ಹಚ್ಚಿರಿ. ಇದು ನಮ್ಮ ಅವ್ವ, ಅತ್ತೆಯರು ವರ್ಷಾ ಮಾಡುತ್ತಿದ್ದ ಕೆಲಸವೇ. ಬಚ್ಚಲ ನೀರು ಗೋಡೆಯ ಬುಡಕ್ಕೆ ನಿಲ್ಲದಂತೆ ಗಟಾರ ತೆಗೆಯಿರಿ.

ಸಿಮೆಂಟು ಈಗಾಗಲೇ ಹಚ್ಚಿದ್ದೀರೇನು? ಬೆರಳಿನಿಂದ ಬಡಿದು ನೋಡಿರಿ. ಟೊಳ್ಳು ಸಪ್ಪಳ ಬಂದರೆ, ಗೋಡೆ ಉಬ್ಬಿದ್ದರೆ, ತಿಳಿದ ಗೌಂಡಿಗೆ ತೋರಿಸಿರಿ. ಅಲ್ಲಿಯ ತನಕ ಆ ಗೋಡೆಯ ಕಡೆ ಮಕ್ಕಳನ್ನು ಮಲಗಿಸಬೇಡಿರಿ.