ನಿಂತುದನ್ನು ನಿಲ್ಲಿಸುವ ಬ್ರೇಕು

ಓಡುವ ಗಾಡಿಯನ್ನು ನಿಲ್ಲಿಸತಕ್ಕ ಸಾಧನವೇ ಬ್ರೇಕು ಎಂದು ನಾವೆಲ್ಲರೂ ಬಾಲ್ಯದಿಂದ ತಿಳಿದುಕೊಂಡು ಬಂದಿರುತ್ತೇವೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದ ಸೈಕಲ್ಲಿನ ಬ್ರೇಕು ಇಳಿಜಾರಿನಲ್ಲಿ ಕೈಕೊಟ್ಟಾಗ ಚಪ್ಪಲಿಯನ್ನು ನೆಲಕ್ಕೆ ಉಜ್ಜಿ ಆ ಪಾಠವನ್ನು ದೃಢಪಡಿಸಿಕೊಂಡವರೂ ನಮ್ಮಲ್ಲಿ ಕಡಮೆಯಿಲ್ಲ. ಆದರೆ ಟ್ರಯಲ್ಸ್ ಎಂಬ ಸೈಕಲ್ ಕ್ರೀಡೆಯನ್ನು ಒಮ್ಮೆ ಕಣ್ಣಾರೆ ಕಂಡವನಿಗೆ ಈ ತಿಳಿವಳಿಕೆಯು ಅರ್ಧಸತ್ಯವೆಂದು ತೋರದೆ ಇರದು. ಕುಳಿತುಕೊಳ್ಳಲು ಸೀಟೇ ಇಲ್ಲದ ಪುಟ್ಟ ಸೈಕಲ್ಲಿನ ಹಿಂದಿನ ಚಕ್ರವೊಂದನ್ನೇ ಬಂಡೆಯ ಅಂಚಿಗೆ ಊರಿ, ಮುಂದಿನ ಚಕ್ರವನ್ನು ಗಾಳಿಯಲ್ಲಿ ಎತ್ತಿ ಹಿಡಿದು, ನಿಂತಲ್ಲಿಯೇ ಎರಡು ಮೂರು ಬಾರಿ ಕುಪ್ಪಳಿಸಿ ಸಮತೋಲವನ್ನು ಸರಿಪಡಿಸಿಕೊಂಡು, ತರುವಾಯ ನಡುವಿನ ಕಂದಕವನ್ನು ಒಂದೇ ನೆಗೆತಕ್ಕೆ ದಾಟಿ ಎದುರಿನ ಬಂಡೆಯ ಮೇಲೆ ಇಳಿಯುವ ಆ ಸವಾರನು, ಈ ಹೊತ್ತಿನ ಬಹುಪಾಲು ಬ್ರೇಕನ್ನು ಬಿಗಿಹಿಡಿದುಕೊಂಡೇ ಇರುತ್ತಾನೆ. ನಿಲ್ಲಿಸುವುದಕ್ಕೆಂದರೆ, ಅವನು ಓಡುತ್ತಲೇ ಇರಲಿಲ್ಲವಷ್ಟೆ.

ಈ ಆಟದ ತವರು ಸ್ಪೇನ್ ದೇಶದ ಕೆಟಲೋನಿಯಾ ಪ್ರಾಂತ. ಮೊಂಟೆಸಾ ಮೋಟಾರ್ ಸೈಕಲ್ಲುಗಳ ಸವಾರನಾಗಿ ಹೆಸರು ಮಾಡಿದ್ದ ಪೆರೆ ಪಿ ಎಂಬಾತನು 1970ರ ದಶಕದಲ್ಲಿ, ತಾನು ಮೋಟಾರ್ ಸೈಕಲ್ಲಿನಲ್ಲಿ ಮಾಡುತ್ತಿದ್ದ ಕಸರತ್ತುಗಳನ್ನು ತನ್ನ ಎಳೆಯ ಮಗನು ಪೆಡಲಿನ ಸೈಕಲ್ಲಿನಲ್ಲಿಯೇ ಕಲಿಯಲೆಂದು ಆರಂಭಿಸಿದ ಅಭ್ಯಾಸವು ಕ್ರಮೇಣ ಸ್ವತಂತ್ರ ಕ್ರೀಡೆಯಾಗಿ ಬೆಳೆಯಿತು; ಆ ಮಗ ಓಟ್ ಪಿ ಮುಂದೆ ಅದರಲ್ಲಿ ಜಗಜ್ಜಟ್ಟಿಯೇ ಆದನು. ಕಾಲು ನೆಲಕ್ಕೆ ತಾಗಿದರೆ ದಂಡ ಎಂಬ ಕಟ್ಟಳೆಯು ಈ ಕ್ರೀಡೆಗೆ ಮೋಟಾರ್ ಸೈಕಲ್ಲಿನಿಂದಲೇ ಬಂದ ಬಳುವಳಿ. ಇಂದು 20 ಅಂಗುಲ ಹಾಗೂ 26 ಅಂಗುಲದ ಚಕ್ರಗಳೆಂಬ ಎರಡು ವರ್ಗಗಳಲ್ಲಿ ಇದರ ಸ್ಪರ್ಧೆಗಳು ನಡೆಯುತ್ತವೆ. 2009ರಲ್ಲಿ ಸ್ಕಾಟ್ಲೆಂಡಿನ ಡ್ಯಾನಿ ಮೆಕಾಸ್ಕಿಲ್ ಎಡಿನ್‌ಬರೋ ನಗರದ ಬೇಲಿ, ಗೋಡೆ, ಮೆಟ್ಟಿಲುಗಳ ಮೇಲೆ ಸವಾರಿಮಾಡಿದ ಚಿತ್ರವು ಜಗತ್ತಿನಲ್ಲೆಲ್ಲ ಹರಡಿದ ಮೇಲಂತೂ, ಇದರ ಗೀಳು ಹತ್ತಿದ ಹುಡುಗರು ಎಲ್ಲ ದೇಶಗಳಲ್ಲಿಯೂ ಕಾಣಿಸಿಕೊಂಡರು. ಗೀಳು ಹತ್ತಿದ ಬೆನ್ನಲ್ಲಿಯೇ, ಕಡಮೆ ಬೆಲೆಯಲ್ಲಿ ಒಳ್ಳೆಯ ಬ್ರೇಕು ಯಾವುದೆಂಬ ಪ್ರಶ್ನೆಯೂ ಹುಟ್ಟಿಕೊಂಡಿತು.

ಉತ್ತರ ಹುಡುಕುವ ಮೊದಲು, ಬಂಡೆಯಂಚಿನ ಸವಾರನಿಗೆ ಬ್ರೇಕು ಸಲ್ಲಿಸುವ ಸೇವೆಯೇನೆಂಬುದನ್ನು ವಿಚಾರಿಸೋಣ. ಹಿಂದಿನ ಚಕ್ರವು ಗಟ್ಟಿಯಾಗಿ ಹಿಡಿಯಲ್ಪಟ್ಟ ಕ್ಷಣದಿಂದ ಚಕ್ರ, ಚೌಕಟ್ಟು, ಸವಾರ ಇವು ಮೂರೂ ಕೂಡಿ ಒಂದೇ ಘನವಸ್ತುವಿನಂತಾಗುತ್ತವೆ. ಇವುಗಳ ಒಟ್ಟು ತೂಕವು 80 ಕಿಲೋಗ್ರಾಂ, ಅಂದರೆ ಸುಮಾರು 800 ನ್ಯೂಟನ್ ಭಾರವೆಂದಿಟ್ಟುಕೊಂಡರೆ, ಗುರುತ್ವಕೇಂದ್ರವು ಚಕ್ರದ ಅಚ್ಚಿನ ನೇರದಿಂದ 5 ಸೆಂಟಿಮೀಟರಿನಷ್ಟು ಮುಂದಕ್ಕೆ ವಾಲಿದಾಗ 40 ನ್ಯೂಟನ್-ಮೀಟರಿನ ತಿರುಗುಬಲವು ಬ್ರೇಕಿನ ಮೇಲೆ ಬೀಳುತ್ತದೆ. ನೆಗೆದು ಇಳಿಯುವ ಕ್ಷಣದಲ್ಲಿ ಭಾರವು ಇಮ್ಮಡಿಯಾಗಿ, ವಾಲಿದ ಅಂತರವೂ 10 ಸೆಂಟಿಮೀಟರಿಗೆ ಏರಿದರೆ ಅದೇ ತಿರುಗುಬಲವು 160 ನ್ಯೂಟನ್-ಮೀಟರಾಗುತ್ತದೆ. ಅಷ್ಟನ್ನು ಬ್ರೇಕು ಕೂದಲೆಳೆಯಷ್ಟೂ ಜಾರದೆ ತಾಳಿಕೊಳ್ಳಬೇಕು. ಜಾರಿದರೆ ಸೈಕಲ್ಲಿನ ಮೂತಿ ಕೆಳಗೆ ಬೀಳುತ್ತದೆ, ಸವಾರನದೂ ಅದರ ಹಿಂದೆಯೇ.

ಒಂದು ಬೆರಳಿನ ಬಲವು ಇಷ್ಟೊಂದು ದೊಡ್ಡ ಕೆಲಸಕ್ಕೆ ಒದಗುವುದಾದರೂ ಹೇಗೆ? ಉಳಿದ ಬೆರಳುಗಳೆಲ್ಲ ಹ್ಯಾಂಡಲನ್ನು ಹಿಡಿದಿರಬೇಕಾದುದರಿಂದ ಬ್ರೇಕಿಗೆ ದೊರೆಯುವುದು ತೋರುಬೆರಳೊಂದೇ. ಮುಚ್ಚಿದ ಪಾತ್ರೆಯ ದ್ರವದಲ್ಲಿ ಒಂದೆಡೆ ಹೇರಿದ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂಬ ತತ್ವವನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ನಿರೂಪಿಸಿದನು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಅದನ್ನೇ ಆಧರಿಸಿ ದ್ರವಚಾಲಿತ ಒತ್ತುಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ತಟ್ಟೆಯನ್ನು ಎರಡು ಕಡೆಯಿಂದ ಅಮುಕಿ ಹಿಡಿಯುವ ಡಿಸ್ಕ್ ಬ್ರೇಕಿಗೆ 1902ರಲ್ಲಿಯೇ ಫ್ರೆಡರಿಕ್ ಲ್ಯಾಂಚೆಸ್ಟರ್ ಹಕ್ಕುಪತ್ರವನ್ನು ಪಡೆದಿದ್ದರೂ, 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕುಗಳ ಜಾಗ್ವಾರ್ ಕಾರು ಗೆದ್ದ ಮೇಲೆಯೇ ಲೋಕವು ಅದರ ಕಡೆಗೆ ಕಣ್ಣೆತ್ತಿ ನೋಡಿತು.

ದ್ರವದ ಒತ್ತಡವೂ ತಟ್ಟೆಯೂ ಕೂಡಿದ ಸೈಕಲ್ ಬ್ರೇಕಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಲೇಸು, ಏಕೆಂದರೆ ಅಗ್ಗದ ಬ್ರೇಕಿನ ಮರ್ಮವೆಲ್ಲ ಅದರೊಳಗೆಯೇ ಅಡಗಿದೆ. ಬೆರಳಿನ ಬಲ 100 ನ್ಯೂಟನ್ ಎಂದುಕೊಳ್ಳೋಣ. ಲಿವರು ಅದನ್ನು ಐದು ಪಟ್ಟು ಹೆಚ್ಚಿಸಿ 500 ನ್ಯೂಟನ್ ಮಾಡುತ್ತದೆ. ಲಿವರಿನ ಬಳಿಯ ಪಿಸ್ಟನ್ನು 10 ಮಿಲಿಮೀಟರ್ ವ್ಯಾಸದ್ದಾಗಿ, ಚಕ್ರದ ಬಳಿಯ ಪಿಸ್ಟನ್ನುಗಳು 22 ಮಿಲಿಮೀಟರಿನವಾಗಿದ್ದರೆ, ವಿಸ್ತೀರ್ಣದಲ್ಲಿ ಅವು 4.84 ಪಟ್ಟು ದೊಡ್ಡವಾದುದರಿಂದ, ತಟ್ಟೆಯ ಒಂದೊಂದು ಮುಖದ ಮೇಲೂ 2420 ನ್ಯೂಟನ್ ಒತ್ತು ಬೀಳುತ್ತದೆ. ಘರ್ಷಣಾಂಕವು 0.4 ಆದರೆ ಎರಡು ಮುಖಗಳಿಂದ ಕೂಡಿ 1936 ನ್ಯೂಟನ್ ತಡೆಬಲವು ಲಭಿಸುತ್ತದೆ. ಇನ್ನು ಈ ಬಲವು ಅಚ್ಚಿನಿಂದ ಎಷ್ಟು ದೂರದಲ್ಲಿ ವರ್ತಿಸುತ್ತದೆಂಬುದೇ ಮುಖ್ಯ: 160 ಮಿಲಿಮೀಟರಿನ ತಟ್ಟೆಯಲ್ಲಿ ಸುಮಾರು 7 ಸೆಂಟಿಮೀಟರ್ ದೂರದಲ್ಲಾಗಿ 136 ನ್ಯೂಟನ್-ಮೀಟರ್, 180ರದರಲ್ಲಿ ಸುಮಾರು 8 ಸೆಂಟಿಮೀಟರ್ ದೂರದಲ್ಲಾಗಿ 155, 203ರದರಲ್ಲಿ ಸುಮಾರು 9 ಸೆಂಟಿಮೀಟರ್ ದೂರದಲ್ಲಾಗಿ 174. ಮೇಲೆ ಹೇಳಿದ 160ರ ಬೇಡಿಕೆಯನ್ನು ಚಿಕ್ಕ ತಟ್ಟೆಯು ಪೂರೈಸಲಾರದು, ದೊಡ್ಡದು ನಿರಾಯಾಸವಾಗಿ ಪೂರೈಸುತ್ತದೆ; ಬ್ರೇಕಿನ ಉಳಿದ ಅಂಗಗಳು ಅವೇ. ತಟ್ಟೆಯೊಂದನ್ನು ಬದಲಿಸುವ ಖರ್ಚಾದರೋ ಬ್ರೇಕನ್ನೇ ಬದಲಿಸುವ ಖರ್ಚಿನ ಮುಂದೆ ಅಲ್ಪವಾದುದು, ಚೌಕಟ್ಟು ಅಥವಾ ಫೋರ್ಕು ಅಷ್ಟು ದೊಡ್ಡ ತಟ್ಟೆಗೆ ಎಡೆಗೊಡುವುದಾದರೆ.

ಹಾಗಾದರೆ ಪಿಸ್ಟನ್ನುಗಳ ಗಾತ್ರದ ಅಂತರವನ್ನೇ ಇನ್ನಷ್ಟು ಹಿಗ್ಗಿಸಿ ಬೆರಳಿಗೆ ಆನೆಯ ಬಲವನ್ನು ಕೊಡಬಾರದೇಕೆ ಎಂದು ಯಾರಾದರೂ ಕೇಳಬಹುದು. ಪ್ರಕೃತಿಯು ಬಲವನ್ನು ಪುಕ್ಕಟೆ ಕೊಡುವುದಿಲ್ಲ, ದೂರದ ರೂಪದಲ್ಲಿ ಬೆಲೆಯನ್ನು ವಸೂಲುಮಾಡುತ್ತದೆ. ಮೇಲಿನ ಬ್ರೇಕಿನಲ್ಲಿ ಪಿಸ್ಟನ್ನು ತಳ್ಳುವ ಪ್ರತಿಯೊಂದು ಪ್ಯಾಡೂ ತಟ್ಟೆಯನ್ನು ಮುಟ್ಟಲು 0.3 ಮಿಲಿಮೀಟರ್ ಚಲಿಸಬೇಕಾದರೆ, ಎರಡು ದೊಡ್ಡ ಪಿಸ್ಟನ್ನುಗಳಿಗೂ ಬೇಕಾಗುವ ಎಣ್ಣೆಯನ್ನು ಒಂದು ಚಿಕ್ಕ ಪಿಸ್ಟನ್ನೇ ತಳ್ಳಬೇಕಾಗಿ, ಬೆರಳು ಹದಿನಾಲ್ಕೂವರೆ ಮಿಲಿಮೀಟರಿನಷ್ಟು ದೂರವನ್ನು ಬರಿದೇ ಸವೆಸುತ್ತದೆ. ಹಿಗ್ಗಿಸುತ್ತ ಹೋದರೆ ಬ್ರೇಕು ಹಿಡಿಯುವ ಮೊದಲೇ ಲಿವರು ಹ್ಯಾಂಡಲಿಗೆ ತಾಗೀತು. ತಟ್ಟೆಯು ತುಸು ಸೊಟ್ಟಗಾದರೂ ಲಿವರು ಮೆತ್ತಗಾಗುವುದು ಈ ಕಾರಣದಿಂದಲೇ.

ಈಗ ಬೆಲೆಯ ಮಾತಿಗೆ ಬರೋಣ. ಸೈಕಲ್ ಸವಾರನೊಬ್ಬನು ನಂದಿಬೆಟ್ಟದ ದಾರಿಯಲ್ಲಿ 300 ಮೀಟರಿನಷ್ಟು ಎತ್ತರವನ್ನು ಬ್ರೇಕು ಹಿಡಿದು ನಿಧಾನವಾಗಿ ಇಳಿದು ಬಂದನೆಂದರೆ, 80 ಕಿಲೋಗ್ರಾಂ ತೂಕಕ್ಕೆ 235 ಕಿಲೋಜೌಲಿನಷ್ಟು ಶಕ್ತಿಯು, ಎಂದರೆ ಮುಕ್ಕಾಲು ಲೀಟರಿಗೆ ತುಸು ಕಡಮೆಯಾದ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಏರಿಸುವಷ್ಟು ಶಾಖವು, ಹೆಚ್ಚು ಪಾಲು ಆ ಎರಡು ತೆಳ್ಳನೆಯ ತಟ್ಟೆಗಳಲ್ಲಿಯೇ ಹುಟ್ಟುತ್ತದೆ. ದುಬಾರಿ ಬ್ರೇಕುಗಳಲ್ಲಿರುವ ಅಲ್ಯೂಮಿನಿಯಮ್ ರೆಕ್ಕೆಗಳು, ಪದರಪದರದ ತಟ್ಟೆಗಳು, ನಾಲ್ಕು ನಾಲ್ಕು ಪಿಸ್ಟನ್ನುಗಳು ಬಹುಮಟ್ಟಿಗೆ ಇಂಥ ಇಳಿತಗಳಿಗಾಗಿ, ಈ ಶಾಖವನ್ನು ನಿರ್ವಹಿಸುವುದಕ್ಕಾಗಿ ಏರ್ಪಟ್ಟವು. ಟ್ರಯಲ್ಸ್ ಸವಾರನ ಬ್ರೇಕಾದರೋ ಹಿಡಿದಿರುವಷ್ಟು ಹೊತ್ತೂ ಅಲುಗುವುದಿಲ್ಲ. ಚಲನೆಯಿಲ್ಲದ ಕಡೆ ಭೌತವಿಜ್ಞಾನವು ಹೇಳುವ ‘ಕಾರ್ಯ’ವಿಲ್ಲ, ಅದಿಲ್ಲದ ಕಡೆ ಶಾಖವೂ ಇಲ್ಲ. ಆದುದರಿಂದ ಅಗ್ಗದ ಬ್ರೇಕು ಯಾವ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುವುದೋ ಆ ಪರೀಕ್ಷೆಗೆ ಈ ಸವಾರನು ಕುಳಿತುಕೊಳ್ಳುವುದೇ ಇಲ್ಲ. ಜಪಾನಿನ ಸಕಾಯ್ ನಗರದ ಶಿಮಾನೋ ಸಂಸ್ಥೆಯ ಕೆಳದರ್ಜೆಯ ತಟ್ಟೆಗಳ ಮೇಲೆ, ರಾಳದ ಪ್ಯಾಡುಗಳನ್ನು ಮಾತ್ರವೇ ಬಳಸತಕ್ಕದ್ದೆಂದು ಮುದ್ರಿಸಿರುವುದನ್ನು ಕಂಡು ಕೆಲವರು ಮೂಗು ಮುರಿಯುವುದುಂಟು. ಆದರೆ ಲೋಹದ ಪುಡಿಯನ್ನು ಕಾಸಿ ಒತ್ತಿ ಮಾಡಿದ ಪ್ಯಾಡುಗಳು ಬಿಸಿಯೇರಿದ ಮೇಲೆಯೇ ತಮ್ಮ ಪೂರ್ಣ ಸತ್ವವನ್ನು ತೋರುವುವು; ರಾಳದವು ತಣ್ಣಗಿರುವಾಗಲೇ ಕಚ್ಚಿಹಿಡಿಯುವುವು. ಸದಾ ತಣ್ಣಗಿರುವ ಬ್ರೇಕಿಗೆ ಬೇಕಾದುದು ಎರಡನೆಯದೇ ಅಲ್ಲವೆ? ಮಳೆಯಲ್ಲಿ, ಕೆಸರಿನಲ್ಲಿ ಮಾತ್ರ ಲೋಹದ ಪ್ಯಾಡು ಹೆಚ್ಚು ಬಾಳುತ್ತದೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಇಷ್ಟರಿಂದ ಅಗ್ಗದ್ದೆಲ್ಲ ಸರಿಯೆಂದು ಭಾವಿಸಬಾರದು. ಇಂಗ್ಲೆಂಡಿನ ಬಾರ್ನೋಲ್ಡ್ಸ್‌ವಿಕ್ ಎಂಬ ಊರಿನಲ್ಲಿ ಹೋಪ್ ಸಂಸ್ಥೆಯವರು ಅಲ್ಯೂಮಿನಿಯಮ್ ಗಟ್ಟಿಯಿಂದ ಕಡೆದು, ಈ ಕ್ರೀಡೆಗೆಂದೇ ಮಾಡುವ ‘ಟ್ರಯಲ್ ಜೋನ್’ ಬ್ರೇಕಿಗೂ ಶಿಮಾನೋದ ಎಂಟಿ200ರಂಥ ಸರಳ ಬ್ರೇಕಿಗೂ ಬೆಲೆಯಲ್ಲಿ ಹಲವು ಪಟ್ಟಿನ ಅಂತರವಿರುವುದು ವ್ಯರ್ಥವಾಗಿಯಲ್ಲ. ಒತ್ತಿದಾಗ ಲಿವರು ಬಾಗುವುದು, ಅದರ ಕೀಲು ಕೆಲವು ತಿಂಗಳುಗಳಲ್ಲಿ ಸಡಿಲಗೊಂಡು ಅಲ್ಲಾಡುವುದು, ಉದ್ದನೆಯ ಲಿವರಿನ ತುದಿಯು ಬಿದ್ದಾಗ ಬಂಡೆಗೆ ತಗುಲಿ ಮುರಿಯುವುದು, ಇವು ನಿಜವಾದ ದೋಷಗಳು. ಕೊನೆಯದಕ್ಕೆ ಒಂದು ಹಳೆಯ ಉಪಾಯವಿದೆ: ಲಿವರಿನ ಪಟ್ಟಿಯ ತಿರುಪನ್ನು ಪೂರ್ತಿ ಬಿಗಿಯದೆ, ಒತ್ತಿದರೆ ಸರಿಯದಷ್ಟು ಮಾತ್ರ ಬಿಗಿದಿಟ್ಟರೆ, ಬಿದ್ದಾಗ ಲಿವರು ಹ್ಯಾಂಡಲಿನ ಸುತ್ತ ತಿರುಗಿಕೊಳ್ಳುತ್ತದೆಯೇ ಹೊರತು ಮುರಿಯುವುದಿಲ್ಲ.

ಚಕ್ರದ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ನೆಲದ ಮೇಲೆ ಜಾರದೆ ನಿಲ್ಲುವ ಬಲಕ್ಕೆ ಸಂಬಂಧಿಸಿದಂತೆ, 20 ಅಂಗುಲದ ಚಕ್ರದಲ್ಲಿನ 160 ಮಿಲಿಮೀಟರ್ ತಟ್ಟೆಯು 26 ಅಂಗುಲದ ಚಕ್ರದಲ್ಲಿನ ಸುಮಾರು 210 ಮಿಲಿಮೀಟರ್ ತಟ್ಟೆಗೆ ಸಾಟಿಯಾಗುವುದರಿಂದ, ಚಿಕ್ಕ ಸೈಕಲ್ಲಿನವನು ಇನ್ನೂ ಧೈರ್ಯವಾಗಿ ಅಗ್ಗದ ಕಡೆಗೆ ಕೈಚಾಚಬಹುದು. ಡಿಸ್ಕನ್ನೇ ಬಿಟ್ಟು, ರಿಮ್ಮನ್ನು ಎಣ್ಣೆಯ ಒತ್ತಡದಿಂದ ಹಿಡಿಯುವ ಜರ್ಮನಿಯ ಮಗುರಾ ಬ್ರೇಕನ್ನು ನೆಚ್ಚಿಕೊಂಡು, ರಿಮ್ಮಿನ ಅಲ್ಯೂಮಿನಿಯಮ್ಮನ್ನು ಗ್ರೈಂಡರಿನಿಂದ ಗೀಚಿ ಒರಟುಮಾಡಿಕೊಳ್ಳುವ ಪಂಗಡವೂ ಒಂದುಂಟು. ಹಿಡಿತ ಅಮೋಘವಾದುದು, ಅದರ ಕೂಗು ಮಾತ್ರ ನೆರೆಹೊರೆಯವರು ಸಹಿಸತಕ್ಕದ್ದಲ್ಲ.

ಎಣ್ಣೆಯ ವಿಷಯದಲ್ಲಿ ಎಚ್ಚರ ಅಗತ್ಯ. ಶಿಮಾನೋ, ಮಗುರಾ ಬ್ರೇಕುಗಳಲ್ಲಿರುವುದು ಖನಿಜ ತೈಲ; ಹೋಪ್ ಮೊದಲಾದವುಗಳಲ್ಲಿ, ನಮ್ಮ ಯಾವ ಮೋಟಾರ್ ಬೈಕಿನ ಅಂಗಡಿಯಲ್ಲಿಯೂ ದೊರೆಯುವ ಡಾಟ್ 4ರಂಥ ಬ್ರೇಕ್ ಆಯಿಲ್. ಒಂದಕ್ಕೆಂದು ಮಾಡಿದ ರಬ್ಬರಿನ ಸೀಲು ಇನ್ನೊಂದರಲ್ಲಿ ಊದಿಕೊಂಡು ಕೆಡುವುದರಿಂದ, ಅಂಗಡಿಯವನ ಬಳಿ ಇರುವುದನ್ನೇ ಸುರಿದುಬಿಡುವ ಔದಾರ್ಯವು ಬ್ರೇಕಿಗೆ ಮರಣಶಾಸನ. ಡಾಟ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ, ಪೈಂಟನ್ನೂ ಸುಲಿಯುತ್ತದೆ. ಖನಿಜ ತೈಲಕ್ಕೆ ಈ ಎರಡು ಚಾಳಿಗಳೂ ಇಲ್ಲ. ಯಾವುದೇ ಆಗಲಿ, ಒಂದು ಹನಿ ಪ್ಯಾಡಿಗೆ ಸೋಕಿದರೆ ಆ ಪ್ಯಾಡನ್ನು ಎಸೆಯುವುದೇ ಮೇಲು.

ಹೊಸ ಪ್ಯಾಡು ಹಾಕಿದ ದಿನವೇ ಬಂಡೆ ಹತ್ತುವ ಅವಸರವು ಅನೇಕರಿಗೆ ಬ್ರೇಕಿನ ಮೇಲೆ ಸಲ್ಲದ ಅಪವಾದವನ್ನು ಹೊರಿಸುವಂತೆ ಮಾಡಿದೆ. ಪ್ಯಾಡಿನ ದ್ರವ್ಯವು ತೆಳುಪದರವಾಗಿ ತಟ್ಟೆಗೆ ಅಂಟಿಕೊಂಡ ಮೇಲೆಯೇ ನಿಜವಾದ ಹಿಡಿತ ಬರುವುದು. ಅದಕ್ಕೆ ವೇಗವೂ ಬಿಸಿಯೂ ಬೇಕು. ಟ್ರಯಲ್ಸ್ ಸೈಕಲ್ಲಿಗಾದರೋ ಗೇರು ಚಿಕ್ಕದು, ಸೀಟಿಲ್ಲ, ವೇಗವೆಂಬುದು ಅದರ ಸ್ವಭಾವದಲ್ಲಿಯೇ ಇಲ್ಲ. ಆದುದರಿಂದ ಒಂದು ಇಳಿಜಾರನ್ನು ಹುಡುಕಿಕೊಂಡು ಹೋಗಿ, ಪೂರ್ತಿ ನಿಲ್ಲಿಸದೆ ವೇಗವನ್ನು ಮಾತ್ರ ತಗ್ಗಿಸುತ್ತ ಇಪ್ಪತ್ತು ಮೂವತ್ತು ಬಾರಿ ಇಳಿಯಬೇಕು. ಕೊಳವೆಯೊಳಗೆ ಗಾಳಿ ಸೇರಿದ್ದರೆ ಇಷ್ಟೂ ನಿಷ್ಫಲ, ಏಕೆಂದರೆ ಎಣ್ಣೆಯು ಕುಗ್ಗದು, ಗಾಳಿಯು ಕುಗ್ಗುತ್ತದೆ. ಕೈಬದಲಾಗಿ ಬಂದ ಹಳೆಯ ಬ್ರೇಕನ್ನು ಕೊಳ್ಳುವವನು ಲಿವರನ್ನು ಹ್ಯಾಂಡಲಿನ ಕಡೆಗೆ ಎಳೆದು ರಬ್ಬರ್ ಪಟ್ಟಿಯಿಂದ ಬಿಗಿಯಾಗಿ ಕಟ್ಟಿ ರಾತ್ರಿಯೆಲ್ಲ ಹಾಗೆಯೇ ಬಿಡಲಿ. ಬೆಳಗ್ಗೆ ನೋಡುವಾಗ ಲಿವರು ಇನ್ನೂ ಒಳಕ್ಕೆ ಸರಿದಿದ್ದರೆ, ಇಲ್ಲವೇ ಕೊಳವೆಯ ಸಂದಿನಲ್ಲಿ ಎಣ್ಣೆಯ ಪಸೆ ಕಂಡರೆ, ಬೆಲೆ ಎಷ್ಟೇ ಅಗ್ಗವಾಗಿರಲಿ, ಅದನ್ನು ತಂದವನಿಗೇ ಹಿಂದಿರುಗಿಸುವುದು ಒಳ್ಳೆಯದು.