ಕಾಫಿ, ಕಷಾಯ, ಕಾಯಿಸಿದ ನೀರು: ಕುಡಿಯುವುದಕ್ಕೂ ಎದೆಬಡಿತಕ್ಕೂ ಏನು ಸಂಬಂಧ?

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೇಸಿಗೆ ಎಂದರೆ ಉರಿಬಿಸಿಲು. ಎಣ್ಣೆ ಮಿಲ್ಲು, ಮಂಡಿ, ರೇಷ್ಮೆ ಸೀರೆ ಅಂಗಡಿಗಳಲ್ಲಿ ಕೂರುವವರು ದಿನಕ್ಕೆ ನಾಲ್ಕೈದು ಸಲ ಟೀ ಕುಡಿಯುತ್ತಾರೆ, ನೀರು ಮರೆಯುತ್ತಾರೆ. ಸಂಜೆಯ ನಂತರ ನೀರನ್ನೂ ಬಿಡುವ ನಿಯಮ ಪಾಲಿಸುವ ಹಿರಿಯರೂ ನಮ್ಮ ಮನೆಗಳಲ್ಲಿದ್ದಾರೆ. ಎದೆ ಡವಡವ ಎಂದಾಗ ಎಲ್ಲರೂ ಮೊದಲು ದೂರುವುದು ಕಾಫಿಯನ್ನು. ಆದರೆ ನೀರು, ಮಾತ್ರೆ, ಕಷಾಯ ಇವುಗಳ ಲೆಕ್ಕವನ್ನೂ ನೋಡಬೇಕು.

ಬಡಿತ ತಪ್ಪುವುದು ಹೇಗೆ?

ವಿಶ್ರಾಂತಿಯಲ್ಲಿರುವ ದೊಡ್ಡವರ ಹೃದಯ ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 100 ಸಲ ಬಡಿಯುತ್ತದೆ. ಈ ಬಡಿತವನ್ನು ನಡೆಸುವುದು ಸಣ್ಣ ವಿದ್ಯುತ್ ಸಂಕೇತ. ಅದಕ್ಕೆ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಕ್ಯಾಲ್ಸಿಯಂ ಹದವಾಗಿರಬೇಕು. ಪೊಟ್ಯಾಸಿಯಂ ಬಹಳ ಇಳಿದರೂ ಬಹಳ ಏರಿದರೂ ಬಡಿತ ಹದ ತಪ್ಪುತ್ತದೆ.

ಕಾಫಿ, ಟೀ

ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ ತೊಂದರೆಯಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಹೇಳಿದೆ. ಗರ್ಭಿಣಿಯರಿಗೆ ಈ ಮಿತಿ 200. ಏಟ್ರಿಯಲ್ ಫಿಬ್ರಿಲೇಷನ್ ಎಂಬ ಬಡಿತದ ತೊಂದರೆಗೆ ಶಾಕ್ ಚಿಕಿತ್ಸೆ ಪಡೆಯುವ 200 ಕಾಫಿ ರೂಢಿಯ ರೋಗಿಗಳ ಮೇಲೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನಡೆದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಆರು ತಿಂಗಳಲ್ಲಿ ಕಾಫಿ ಕುಡಿದವರಲ್ಲಿ ನೂರಕ್ಕೆ 47 ಮಂದಿಗೆ, ಬಿಟ್ಟವರಲ್ಲಿ 64 ಮಂದಿಗೆ ತೊಂದರೆ ಮರುಕಳಿಸಿತ್ತು. ಹಾಗೆಂದು ಕಾಫಿ ಔಷಧಿಯಲ್ಲ. ಕುಡಿದಾಗೆಲ್ಲ ಎದೆ ಹೊಡೆದುಕೊಂಡರೆ, ನಿದ್ರೆ ಕೆಟ್ಟರೆ, ಅಂಥವರು ಕಡಿಮೆ ಮಾಡುವುದೇ ಸರಿ.

ಎನರ್ಜಿ ಡ್ರಿಂಕ್

ಮಕ್ಕಳ ಕೈಯಲ್ಲಿ ಈಗ ಕಾಣುವ ಈ ಡಬ್ಬಿಗಳಲ್ಲಿ ಲೀಟರಿಗೆ 145ರಿಂದ 300 ಮಿಲಿಗ್ರಾಂ ಕೆಫೀನ್ ಇರಬಹುದು ಎನ್ನುತ್ತದೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ತಕ್ಕದ್ದಲ್ಲ ಎಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ಪರೀಕ್ಷೆಯ ರಾತ್ರಿ ನಿದ್ರೆಗೆಡಲು ಇದನ್ನು ಕುಡಿಯುವ ಮಕ್ಕಳಿಗೆ ಆ ಸಾಲನ್ನು ಓದಿಸಬೇಕು.

ಕಷಾಯ, ಎಳನೀರು

ಕಾಫಿ ಬಿಟ್ಟು ಕಷಾಯ ಹಿಡಿದವರು ಒಂದು ವಿಷಯ ತಿಳಿದಿರಲಿ. ಜ್ಯೇಷ್ಠಮಧುವನ್ನು ಬಹಳ ದಿನ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಹೆಚ್ಚು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ. ಬಿಸಿಲಿಗೆ ಒಳ್ಳೆಯದೇ, ಆದರೆ ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಕುಡಿಯಬಾರದು. ಬೆವರು ಹರಿಯುವ ದಿನ ಮಜ್ಜಿಗೆ, ನಿಂಬೆ ಪಾನಕ ಹಿತ. ಬಿಪಿ ಇದ್ದವರು ಉಪ್ಪು ಕಡಿಮೆ ಹಾಕಿಕೊಳ್ಳಲಿ.

ವ್ರತದ ದಿನಗಳಲ್ಲಿ

ಸೂರ್ಯಾಸ್ತದಿಂದ ನವಕಾರಸಿವರೆಗೆ, ಅಂದರೆ ಸೂರ್ಯೋದಯವಾಗಿ 48 ನಿಮಿಷ ಕಳೆಯುವವರೆಗೆ, ನೀರು ಬಿಟ್ಟರೆ ಸುಮಾರು 12 ಗಂಟೆಯ ಅಂತರವಾಗುತ್ತದೆ. ನಿರ್ಜಲ ಉಪವಾಸವಾದರೆ ಇನ್ನೂ ಹೆಚ್ಚು. ಮೈಯ ನೀರು ಇಳಿದಾಗ ರಕ್ತದ ಪ್ರಮಾಣ ತಗ್ಗಿ ಹೃದಯ ವೇಗವಾಗಿ ಬಡಿಯುತ್ತದೆ. ಆದ್ದರಿಂದ ಕಾಯಿಸಿದ ನೀರನ್ನು ಸಂಜೆ ಒಮ್ಮೆಲೇ ಅಲ್ಲ, ಹಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ಕುಡಿಯುವುದು ಒಳ್ಳೆಯದು. ನೀರಿನ ಮಿತಿ ಹೇಳಿರುವ ಹೃದ್ರೋಗಿಗಳು ವೈದ್ಯರು ಹೇಳಿದಷ್ಟೇ ಕುಡಿಯಬೇಕು. ಬಿಪಿ, ಸಕ್ಕರೆ, ಹೃದಯದ ಮಾತ್ರೆ ನುಂಗುವವರು ದಶಲಕ್ಷಣ ಅಥವಾ ಪರ್ಯೂಷಣಕ್ಕೆ ಎರಡು ವಾರ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಸಮಯ ಕೇಳಿಕೊಳ್ಳಬೇಕು. ತಾವಾಗಿಯೇ ಮಾತ್ರೆ ಬಿಡಬಾರದು. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದು. ತಪಸ್ಸು ಅವರವರ ಶಕ್ತಿಗೆ ತಕ್ಕಂತೆ ಇರಲಿ ಎಂಬುದೇ ಅದರ ಅರ್ಥ. ವೈದ್ಯರು ಬೇಡ ಎಂದರೆ ಅಂಥವರು ಏಕಾಸನವನ್ನೋ ಸ್ವಾಧ್ಯಾಯವನ್ನೋ ಗುರುಗಳನ್ನು ಕೇಳಿ ಆರಿಸಿಕೊಳ್ಳಬಹುದು.

ತಡಮಾಡಬಾರದ ಲಕ್ಷಣಗಳು

ಬಡಿತ ಏರುಪೇರಾಗುವುದರ ಜೊತೆಗೆ ಎದೆನೋವು, ಉಸಿರುಕಟ್ಟು, ತಲೆಸುತ್ತಿ ಬೀಳುವುದು ಕಂಡರೆ ತಕ್ಷಣ 108ಕ್ಕೆ ಕರೆ ಮಾಡಿ. ಉಪವಾಸ ಮುಗಿಯಲಿ ಎಂದು ಕಾಯಬೇಡಿ. ಇಸಿಜಿ ಮಾಡಿಸಲು ಕೆಲವೇ ನಿಮಿಷ ಸಾಕು.

ಜೈ ಜಿನೇಂದ್ರ.